ಹೇಗೆ ತೆಗೆದೆ ಎಂಬ ಮಾತು

ಕಣ್ಣಾಸ್ಪತ್ರೆಯೊಂದರಲ್ಲಿ ಒಂದು ಕಣ್ಣು ದಿನೇದಿನೇ ಒಣಗುತ್ತಿತ್ತು. ಅದರ ನೀರನ್ನು ಪರೀಕ್ಷಿಸಲು ಮೊದಲು ಗಾಜಿನ ನಳಿಗೆಯನ್ನೂ ಆಮೇಲೆ ಕಾಗದದ ಪಟ್ಟಿಯನ್ನೂ ಕಳಿಸಿದರು. ಎರಡೂ ಬಂದು ಮದ್ದಿನ ಶೀಷೆಯ ಮುಂದೆ ನಿಂತವು.

“ನೀರು ತೀರಾ ಕಡಿಮೆ. ಇವತ್ತೇ ಮದ್ದು ಬೇಕು,” ಎಂದಿತು ನಳಿಗೆ.

“ಸುಳ್ಳು! ನನ್ನ ಮೈಯೆಲ್ಲ ತೊಯ್ದಿದೆ, ನೋಡಿ. ಈ ಕಣ್ಣಿಗೇನು ಧಾಡಿ?” ಎಂದಿತು ಪಟ್ಟಿ.

“ಇಬ್ಬರೂ ನೀರು ತೆಗೆದದ್ದು ಹೇಗೆ? ಮೊದಲು ಅದನ್ನು ಹೇಳಿ,” ಎಂದಿತು ಶೀಷೆ.

“ನನ್ನ ಕೆಲಸದ ರೀತಿಯನ್ನು ಯಾರೂ ಇದುವರೆಗೆ ಕೇಳಿಲ್ಲ,” ಎಂದು ನಳಿಗೆ ಮುನಿಸಿಕೊಂಡಿತು.

“ಕಣ್ಣೀರು ಕಣ್ಣೀರೇ ತಾನೇ? ಹೇಗೆ ತೆಗೆದರೇನು?” ಎಂದಿತು ಪಟ್ಟಿ.

ಕಣ್ಣು ಪಟ್ಟಿಗೆ ಮಾತ್ರ ಕೇಳುವಂತೆ ಮೆಲ್ಲಗೆ ಹೇಳಿತು: “ಪಟ್ಟಿಯಪ್ಪ, ನೀನು ರೆಪ್ಪೆಯೊಳಗೆ ಚುಚ್ಚಿದ ನೋವಿಗೆ ನಾನು ಅತ್ತೆ. ಅದೊಂದನ್ನು ಹೇಳಿಬಿಡು.”

ಪಟ್ಟಿಗೆ ಅದು ಗೊತ್ತಿತ್ತು. ಹೇಳಿದರೆ ತಾನು ತೊಯ್ದದ್ದಕ್ಕೆ ಬೆಲೆ ಎಲ್ಲಿ ಉಳಿಯುತ್ತದೆ ಎಂದು ಅಂಜಿ ಅದನ್ನು ಬಚ್ಚಿಟ್ಟಿತು.

“ನಿಮ್ಮ ಮಾತುಗಳು ಹೊಂದುವವರೆಗೆ ನಾನು ಮುಚ್ಚಳ ತೆಗೆಯಲಾರೆ,” ಎಂದಿತು ಶೀಷೆ.

ವಾದ ಬೆಳೆಯಿತು. ಮಳೆಗಾಲ ಹೋಗಿ ಚಳಿಗಾಲ ಬಂತು. ಕೊನೆಗೆ ಪಟ್ಟಿಯನ್ನು ಮತ್ತೊಮ್ಮೆ ಕಳಿಸಿದರು. ಅದು ಹಿಂತಿರುಗಿದಾಗ ಮೈ ಗರಿಗರಿಯಾಗಿ ಒಣಗಿತ್ತು.

“ರೆಪ್ಪೆಯೊಳಗೆ ಚುಚ್ಚಿ ಕೂತೆ. ಕಣ್ಣು ನೊಂದಿತು. ಬಹಳ ಹೊತ್ತು ಕಾದೆ. ನೀರು ಬರಲಿಲ್ಲ. ಅಂದೂ ನಾನು ಹೀಗೆಯೇ ಚುಚ್ಚಿದ್ದೆ,” ಎಂದಿತು.

ಶೀಷೆ ಆ ಗಳಿಗೆಯಲ್ಲೇ ಮುಚ್ಚಳ ತೆಗೆದು ಕಣ್ಣಿನ ಮೇಲೆ ಬಾಗಿತು.

“ಯಾರು ಬಂದದ್ದು?” ಎಂದು ಕೇಳಿತು ತೆರೆದೇ ಇದ್ದ ಕಣ್ಣು.