ಹಂಪವ್ವನ ಕಂಚಿನ ಎಲುಬು

ಮೋನಾಚಾರಿ ಎರೆದ ಎಲುಬು ಎಂದೂ ಕೈಕೊಡುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು.

ಆಗ ಎಂದರೆ ಯಾವಾಗ ಎಂದು ಕೇಳಬೇಡಿ. ಬಹಳ ಹಿಂದೆ, ಹೊಳೆದಂಡೆಯ ಒಂದೂರಲ್ಲಿ. ಮೋನಾಚಾರಿ ಅಲ್ಲಿಯ ಕಂಚುಗಾರ, ಸುತ್ತಲಿನ ನಲವತ್ತು ಹಳ್ಳಿಗೆ ಕಂಚು ಕರಗಿಸಿ ದೇವರನ್ನು ಎರೆದುಕೊಟ್ಟವನು. ಅವನು ಮಾಡಿದ ದೇವರು ಬೇಸಿಗೆಯಲ್ಲಿ ಬೆವರುತ್ತಿದ್ದವಂತೆ. ಹೇಳುವವರು ನೋಡಿಲ್ಲ, ನೋಡಿದವರು ಹೇಳಿಲ್ಲ.

ಅದೇ ಊರಲ್ಲಿ ಹಂಪವ್ವ ಎಂಬ ನೇಕಾರತಿ ಇದ್ದಳು. ಅವಳ ಎಡತೊಡೆಯ ಎಲುಬಿನಲ್ಲಿ ಗಂಟು ಬೆಳೆಯಿತು. ಮೊದಲು ನಿಂಬೆಕಾಯಿಯಷ್ಟು, ಆಮೇಲೆ ಬೆಲ್ಲದಚ್ಚಿನಷ್ಟು. ಹಕೀಮ ದಸ್ತಗೀರ ಬಂದು ನೋಡಿದ. ಎಲುಬಿನ ಸಮೇತ ಗಂಟು ತೆಗೆದರೆ ಜೀವ ಉಳಿದೀತು, ಎಲುಬಿಲ್ಲದ ಕಾಲು ಜೋತುಬೀಳುತ್ತದೆ, ಕಾಲನ್ನೇ ಕತ್ತರಿಸುವುದು ಲೇಸು ಅಂದನಂತೆ. ಹಂಪವ್ವ ಒಪ್ಪಲಿಲ್ಲ. ಒಂಟಿ ಕಾಲಲ್ಲಿ ಮಗ್ಗ ತುಳಿಯಲಾಗುವುದಿಲ್ಲ. ಅವಳಿಗೆ ಬೇಕಿದ್ದದ್ದು ಇಷ್ಟೇ: ಮಗ್ಗದ ಕುಣಿಗೆ ಇಳಿಬಿಡಲು ಎರಡು ಕಾಲು.

ಎಲುಬು ನಾನು ಎರೆಯುತ್ತೇನೆ ಎಂದ ಮೋನಾಚಾರಿ.

ವಿಗ್ರಹ ಪೊಳ್ಳಾಗಿರಬಾರದು ಎಂಬುದು ಅವನ ಮನೆತನದ ಕಟ್ಟಳೆ. ಎಲುಬನ್ನೂ ಗಟ್ಟಿಯಾಗಿಯೇ ಎರೆದ. ವಿಗ್ರಹದಂತೆಯೇ ಹುಣಸೆಹುಳಿ ಹಾಕಿ ಮುಖ ಕಾಣುವಷ್ಟು ಉಜ್ಜಿದ. ಅಷ್ಟು ನುಣುಪಾದದ್ದನ್ನು ಮಾಂಸ ಎಲ್ಲಿ ಹಿಡಿದುಕೊಳ್ಳಬೇಕು ಎಂದು ಯಾರೂ ಕೇಳಲಿಲ್ಲ. ಆಮೇಲೆ ತಟ್ಟೆಯಲ್ಲಿಟ್ಟು ಊರ ಮುಂದೆ ತಂದ. ಊರವರು ಮುಟ್ಟಿ ಕಣ್ಣಿಗೊತ್ತಿಕೊಂಡರು, ಕುಂಕುಮ ಹಚ್ಚಿದರು, ಒಬ್ಬಳು ಹೊಳೆನೀರನ್ನೂ ಎರೆದಳು.

"ಆಚಾರ್ರ, ಇದು ಕೂಡಿಸಿದ ಮ್ಯಾಲ ನಾನು ನಡೀಬೇಕೋ, ದಿನಾ ಮಂಗಳಾರತಿ ಮಾಡಿಸ್ಕೋಬೇಕೋ?" ಎಂದಳಂತೆ ಹಂಪವ್ವ.

ಕುದಿನೀರಲ್ಲಿ ತೊಳೆಯೋಣ ಎಂದು ಹಕೀಮ ಹೇಳಿದ. ಪೂಜೆಯಾದದ್ದನ್ನು ತೊಳೆಯುವುದುಂಟೇ ಎಂದು ಊರು ಅವನ ಬಾಯಿ ಮುಚ್ಚಿಸಿತು. ಎಲುಬು ಕುಂಕುಮದ ಸಮೇತ ಒಳಗೆ ಹೋಯಿತು.

ಹಂಪವ್ವ ನಡೆದಳು, ಅದು ನಿಜ. ಹೋರಿಯನ್ನು ಒದ್ದು ಕೆಡವಿದಳು ಎನ್ನುತ್ತಾರೆ, ಅದು ಸುಳ್ಳು. ಒಂದೂವರೆ ಸೀರೆ ನೇಯ್ದಳು. ಮೂರನೆಯ ತಿಂಗಳು ಜ್ವರ ಬಂತು, ಹೊಲಿಗೆ ಬಿಚ್ಚಿತು, ಕೀವು ಹರಿಯಿತು.

ತೆಗೆದು ಇನ್ನೊಂದು ಹಾಕಿದರು. ಅದರ ಮೇಲಿನ ತುದಿ ಸಡಿಲ ಗೂಟದಂತೆ ಅಲ್ಲಾಡಿತು. ಮತ್ತೊಂದು ಹಾಕಿದರು. ಪ್ರತಿ ಸಲ ಕಂಚು ಉದ್ದವಾಯಿತು, ಅವಳ ಸ್ವಂತ ಎಲುಬು ಗಿಡ್ಡವಾಯಿತು. ಮೂರನೆಯ ಸಲ ಗಾಯದ ಬಾಯಲ್ಲಿ ಕಂಚು ಹೊಳೆಯುವುದು ಕಾಣುತ್ತಿತ್ತು. ನೋಡಲು ಬಂದವರು ಅದಕ್ಕೂ ಕೈಮುಗಿದರು.

"ಕಂಚು ಚಲೋನ ಐತಿ. ನಿನ್ನ ಕಾಲ ಕೆಟ್ಟೈತವ್ವಾ," ಎಂದ ಆಚಾರಿ.

"ಹಂಗಾದ್ರ ಚಲೋದನ್ನ ನಿಮ್ಮ ಮನೀಗೆ ಒಯ್ರಿ. ಕೆಟ್ಟದ್ದು ನನಗಿರ್ಲಿ," ಎಂದಳು ಹಂಪವ್ವ.

ಇಲ್ಲಿಗೆ ಕತೆ ಹೇಳುವವರು ದಾರಿ ಬದಲಿಸುತ್ತಾರೆ. ಒಂದು ಮುಂಜಾವು ಆಚಾರಿ ಕುಲುಮೆಯಲ್ಲಿರಲಿಲ್ಲ, ಅವನ ಇಕ್ಕಳ ಸುತ್ತಿಗೆಗಳೂ ಇರಲಿಲ್ಲ, ಕುಲುಮೆಯ ಹಿಂದೆ ಹೊಸ ಮಣ್ಣಿನ ದಿಬ್ಬವಿತ್ತು. ತನ್ನ ಕೆಲಸ ಮುಗಿಯಿತೆಂದು ಜೀವಂತ ಸಮಾಧಿಯಾದ ಎನ್ನುತ್ತಾರೆ. ದಿಬ್ಬದ ಮೇಲೆ ಗದ್ದುಗೆ ಕಟ್ಟಿದರು.

ಹಂಪವ್ವ ಇನ್ನೂ ಹದಿನೆಂಟು ವರ್ಷ ಬದುಕಿದಳು. ಗಂಟು ಮತ್ತೆ ಬರಲಿಲ್ಲ. ಅದನ್ನು ಬೇರುಸಹಿತ ತೆಗೆದ ಹಕೀಮನಿಗೆ ಯಾರೂ ಗದ್ದುಗೆ ಕಟ್ಟಲಿಲ್ಲ. ಅವಳು ಮಗ್ಗಕ್ಕೆ ಇಳಿಯಲೂ ಇಲ್ಲ. ಪಕ್ಕದ ಮನೆಯ ಜಗುಲಿಯಲ್ಲಿ ಕೂತು ಮಂದಿಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟಳು. ಗದ್ದುಗೆಯಲ್ಲಿ ಏನಿದೆ ಎಂದು ಹೋಗಿಬರುವವರಿಗೆಲ್ಲ ಹೇಳಿದಳು. ಬ್ಯಾನಿ ತಿಂದು ತಿಂದು ಮುದುಕಿಗೆ ಭ್ರಮೆ ಎಂದರು.

ಇಂದಿಗೂ ಕೈಕಾಲಿಗೆ ಗಂಟಾದವರು ವೈದ್ಯರ ಹತ್ತಿರ ಹೋಗುವ ಮೊದಲು ಅಲ್ಲಿಗೆ ಬರುತ್ತಾರೆ. ಹೆಬ್ಬೆರಳುದ್ದದ ಕಂಚಿನ ಕಾಲು ಕಟ್ಟಿ, ಹುಣಸೆಹುಳಿಯಲ್ಲಿ ಗದ್ದುಗೆ ತಿಕ್ಕಿ, ಆಚಾರಪ್ಪಾ ಕಾಯೋ ಎಂದು ಹಣೆ ಹಚ್ಚುತ್ತಾರೆ.

ಗದ್ದುಗೆಯೊಳಗೆ ಇರುವುದು, ಹಕೀಮ ಬುಡದವರೆಗೂ ಕತ್ತರಿಸಿ ಹೂಳಿದ ಹಂಪವ್ವನ ಎಡಗಾಲು.