ಮೂವತ್ತು ಲಂಗೋಟಿ

“ಗುರುಗಳೇ, ಮೈ ಪಳಗಿಸಿಕೊಳ್ಳಲು ಒಬ್ಬ ಉಸ್ತಾದನನ್ನು ಹುಡುಕುತ್ತಿದ್ದೇನೆ. ಯೋಗ್ಯನಾದವನನ್ನು ಗುರುತಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

“ಒಂದು ಕತೆ ಹೇಳುತ್ತೇನೆ. ಅಕ್ಷರಕ್ಷರವೂ ಸತ್ಯ, ಸುಳ್ಳಾದರೆ ಈ ನಾಲಿಗೆ ಇಲ್ಲೇ ಬಿದ್ದುಹೋಗಲಿ. ನನ್ನಷ್ಟು ಸತ್ಯವಂತ ಈ ಸೀಮೆಯಲ್ಲಿ ಇನ್ನೊಬ್ಬನಿದ್ದ. ಅವನೂ ನನ್ನ ಹತ್ತಿರವೇ ಕಲಿತವನು” ಎಂದು ಗುರುಗಳು ಶುರುಮಾಡಿದರು.

ಒಬ್ಬ ನೇಕಾರನಿದ್ದ. ಕಣ್ಣು ಮುಚ್ಚಿಕೊಂಡು ಬಟ್ಟೆ ಮುಟ್ಟಿದರೆ ಸಾಕು, ನೂಲು ಯಾವುದು, ನೇಯ್ದು ಎಷ್ಟು ದಿನವಾಯಿತು, ನೇಯುವಾಗ ನೇಯ್ದವನಿಗೆ ನೆಗಡಿಯಿತ್ತೇ ಇಲ್ಲವೇ, ಎಲ್ಲ ಹೇಳಿಬಿಡುತ್ತಿದ್ದ. ಆದರೆ ಮಗ್ಗದ ಗುಂಡಿಯಲ್ಲಿ ಕೂತು ಕೂತು ಅವನ ಸೊಂಟ ಸೋತಿತ್ತು. ಕೂರಲಾಗದಿದ್ದರೆ ಮಗ್ಗವಿಲ್ಲ, ಮಗ್ಗವಿಲ್ಲದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಸಾಮು ಮಾಡಿ ಸೊಂಟ ಗಟ್ಟಿಮಾಡಿಕೊಳ್ಳಬೇಕೆಂದು ಹೊರಟ.

ಊರಲ್ಲಿ ಎರಡು ಗರಡಿ. ಎರಡರಲ್ಲೂ ಒಂದೇ ಪದ್ಧತಿ. ಸಾಮು ಮುಗಿಸಿದವನು ತನ್ನ ಲಂಗೋಟಿ ಒಗೆದು ಗೋಡೆಯ ಗೂಟಕ್ಕೆ ಹಾಕಬೇಕು. ಒಬ್ಬನ ಲಂಗೋಟಿಯನ್ನು ಇನ್ನೊಬ್ಬ ಮುಟ್ಟಬಾರದು.

ಮೊದಲನೆಯ ಗರಡಿಯ ಉಸ್ತಾದ ಒಣಕಲು ಮುದುಕ. ಗೋಡೆಯ ಮೇಲೆ ಐದೇ ಲಂಗೋಟಿ, ನೀರು ತೊಟ್ಟಿಕ್ಕುತ್ತಿತ್ತು. ಮುದುಕ ನೇಕಾರನನ್ನು ಬಗ್ಗಿಸಿದ, ನಡೆಸಿದ, ಬೆನ್ನೆಲುಬಿನ ಮೇಲೆ ಬೆರಳಾಡಿಸಿದ. “ಒಂದು ತಿಂಗಳು ಕಲ್ಲು ಮುಟ್ಟಬೇಡ. ಮೊದಲು ಉಸಿರು ಬಿಡುವುದನ್ನು ಕಲಿ” ಎಂದ.

“ಅದನ್ನು ಹುಟ್ಟಿದ ದಿನವೇ ಕಲಿತೆ, ಉಸ್ತಾದರೇ” ಎಂದು ನೇಕಾರ ಹೊರಬಿದ್ದ.

ಎರಡನೆಯ ಉಸ್ತಾದನದು ಕಂಬದಂಥ ಮೈ. ಅವನು ಸೀನಿದರೆ ಪಕ್ಕದೂರಿನ ಕೋಳಿಗಳು ಮೂರು ದಿನ ಮೊಟ್ಟೆಯಿಡುತ್ತಿರಲಿಲ್ಲ. ಕೋಳಿಗಳನ್ನು ನಾನೇ ವಿಚಾರಿಸಿದ್ದೇನೆ. ಗೋಡೆಯುದ್ದಕ್ಕೂ ಮೂವತ್ತು ಲಂಗೋಟಿ. ನೇಕಾರ ಎಣಿಸಿದ. ಮೂವತ್ತು ಜನ ನಂಬಿದ್ದಾರೆ, ಇನ್ನೇನು ಬೇಕು! ಮುಟ್ಟಬಾರದು, ಮುಟ್ಟಲಿಲ್ಲ.

“ಶಿಷ್ಯರೆಲ್ಲ ಎಲ್ಲಿ, ಉಸ್ತಾದರೇ?”

“ಈಗಷ್ಟೇ ಸಾಮು ಮುಗಿಸಿ ಹೋದರು.”

“ನನಗೆ ಸೊಂಟ ನೋವು...”

“ನನ್ನ ಗರಡಿಗೆ ಕಾಲಿಟ್ಟ ಮೇಲೆ ನೋವೂ ನನ್ನ ಅಪ್ಪಣೆ ಕೇಳಿಯೇ ಬರಬೇಕು. ಎತ್ತೋ ಆ ಗುಂಡನ್ನ!”

ನೇಕಾರ ಎತ್ತಿದ. ಮೂರನೆಯ ಸಲ ಗುಂಡು ಎದೆಯವರೆಗೆ ಬಂತು. ಬೆನ್ನೊಳಗೆ ಹಸಿ ಬಿದಿರು ಸೀಳಿದ ಸದ್ದಾಯಿತು. ಕಾಲೆರಡೂ ಅವನವಲ್ಲವಾದವು.

ಬೀದಿಯವರು ಬಂದು ಹಲಗೆಯ ಮೇಲೆ ಮಲಗಿಸಿ ಹೊತ್ತರು. ಗೋಡೆಯ ಪಕ್ಕ ಸಾಗುವಾಗ ಆ ಲಂಗೋಟಿಗಳು ಒಂದೊಂದಾಗಿ ಅವನ ಮುಖ ಸವರಿದವು. ಒಂದೂ ಒದ್ದೆಯಿರಲಿಲ್ಲ. ಒಣಗಿ ತೊಗಲಾಗಿದ್ದವು. ಧೂಳು ಕಣ್ಣಿಗೆ ಬಿತ್ತು. ಅವು ನೀರು ಕಂಡು ವರ್ಷಗಳಾಗಿವೆ ಎಂದು ನೇಕಾರನ ಕೆನ್ನೆಗೆ ತಿಳಿಯಿತು. ಹೊರಿಸಿಕೊಂಡು ಹೋದವರು ಲಂಗೋಟಿಗಾಗಿ ತಿರುಗಿ ಬರುವುದಿಲ್ಲ.

ಮರುದಿನ ಗೋಡೆಯ ಮೇಲೆ ನೇಕಾರನದೂ ಸೇರಿ ಮೂವತ್ತೊಂದು ಇದ್ದವು. ಒಬ್ಬ ಕುಂಬಾರ ನಿಂತು ಎಣಿಸುತ್ತಿದ್ದ. ಆಗ ನೇಕಾರ ಬೀದಿಯುದ್ದಕ್ಕೂ ತೆವಳಿಕೊಂಡು ಬಂದು, “ಅಣ್ಣಾ, ಎಣಿಸಬೇಡ, ಮುಟ್ಟಿ ನೋಡು!” ಎಂದು ಕೂಗಿದ. ಕುಂಬಾರ ಮುಟ್ಟಿದ. ಬೆರಳಿಗೆ ಧೂಳು ಹತ್ತಿತು. ಅವನು ಅಲ್ಲಿಂದ ನೆಟ್ಟಗೆ ಮುದುಕನ ಗರಡಿಗೆ ನಡೆದ.

“ಸದ್ಯ, ಕುಂಬಾರನಾದರೂ ಉಳಿದನಲ್ಲ!” ಎಂದು ಶಿಷ್ಯ ನಿಟ್ಟುಸಿರು ಬಿಟ್ಟ.

ಗುರುಗಳ ಮುಖದ ನಗು ಆರಿತು.

“ಎಲ್ಲವೂ ಸತ್ಯವೇ, ಮಗು, ನೇಕಾರ ತೆವಳಿ ಬಂದು ಕೂಗಿದ ಎಂಬ ಸಣ್ಣ ಮಾತೊಂದನ್ನು ಬಿಟ್ಟು. ಅದರ ಮಾರನೆಯ ದಿನ ಗೋಡೆಯ ಮೇಲೆ ಮೂವತ್ತೆರಡು ಇದ್ದವು.”