ಎಂಟು ಬೆರಳಿನ ಹವಾಲ್ದಾರ

ಹಿಮದ ಗಡಿಯಲ್ಲಿ ಪಹರೆ ಕಾಯುವಾಗ ಹವಾಲ್ದಾರ ಯಮನಪ್ಪನ ಕಾಲಿನ ಎರಡು ಬೆರಳು ಹಿಮಕ್ಕೆ ಮರಗಟ್ಟಿ ಸತ್ತವು; ಸೈನ್ಯದ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದ ಮೇಲೆ ನೋಡಿದರೆ, ಆಸ್ಪತ್ರೆಯ ದಾಖಲೆಯನ್ನೇ ಯಾರೋ ತಿದ್ದಿದ್ದರು: ‘ಎರಡು ಬೆರಳು ಹುಟ್ಟಿನಿಂದಲೇ ಇಲ್ಲ.’

“ದಾಖಲೆಯಲ್ಲಿ ಇದ್ದದ್ದೇ ಸತ್ಯ,” ಅಂದರು ವೈದ್ಯ ಮಂಡಳಿಯ ಕರ್ನಲ್ ಸಾಹೇಬರು.

“ಹಂಗಾದ್ರ ಅದನ್ನ ಬರದು ಸಹಿ ಮಾಡಿ ಕೊಡ್ರಿ,” ಅಂದ ಯಮನಪ್ಪ.

ಸಾಹೇಬರು ‘ಎರಡು ಬೆರಳು ಹುಟ್ಟಿನಿಂದಲೇ ಇಲ್ಲ’ ಎಂದು ಠೀವಿಯಿಂದ ಬರೆದು ಸಹಿ ಹಾಕಿ ಕೊಟ್ಟರು. ಯಮನಪ್ಪ ಅದರ ಪಕ್ಕದಲ್ಲಿ ತಾನು ಸೈನ್ಯಕ್ಕೆ ಭರ್ತಿಯಾದ ದಿನದ ತಪಾಸಣೆ ಚೀಟಿ ಇಟ್ಟ. ‘ಕಾಲಿನ ಹತ್ತೂ ಬೆರಳು ಸರಿ ಇವೆ.’ ಕೆಳಗೆ ಇದೇ ಸಾಹೇಬರ ಸಹಿ.

“ಅವತ್ತು ನನ್ನ ಬೆರಳು ಎಣಿಸಿದವ್ರು ನೀವ ರೀ. ಇದರಾಗ ಯಾವ ಸಹಿ ಸುಳ್ಳು?”

ಸಾಹೇಬರು ಎರಡೂ ಸಹಿ ನೋಡಿದರು. ಮೊದಲ ಸಲ ಕುರ್ಚಿ ತೋರಿಸಿದರು.

“ಬ್ಯಾಡ್ರಿ. ನೀವು ತಿದ್ದಿ ಮುಗಿಸೂತನಕ ನಿಂತಿರ್ತೀನಿ. ಅದಕ್ಕ ಎಂಟು ಬೆರಳು ಸಾಕು.”